ನೀರಿನ ಕಲೆ, ವೀಳ್ಯದ ಕಲೆ

ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆಯನ್ನು ಅರಿಯದವರಿಲ್ಲ. ಹಲ್ಲಿನ ವಿಷಯವಾಗಿ ನಮ್ಮ ಹಿರಿಯರು ಆಡಿದ ಮಾತುಗಳಲ್ಲಿ ಹೆಚ್ಚಿನವು ಹಲ್ಲು ಬಿದ್ದುಹೋದ ಮೇಲಿನ ಮಾತುಗಳೇ. ಹಲ್ಲು ಗಟ್ಟಿಯಾಗಿದ್ದು ಅದರ ಬಣ್ಣವೊಂದೇ ಕೆಟ್ಟಿದ್ದರೆ, ಅದರಲ್ಲಿಯೂ ಹೆಣ್ಣುಮಗಳೊಬ್ಬಳ ಹಲ್ಲಿನ ಬಣ್ಣ ಕೆಟ್ಟಿದ್ದರೆ, ಅವಳು ಎಂತಹ ಸಂಕಟವನ್ನು ಒಳಗೊಳಗೇ ನುಂಗಿಕೊಂಡಿರುತ್ತಾಳೆ ಎಂಬುದು ನನಗೆ ತಿಳಿದದ್ದು ಅರವತ್ತೈದು ದಾಟಿದ ಮೇಲೆ. ತಿಳಿಸಿದವಳು ನನ್ನ ಅಕ್ಕನ ಮೊಮ್ಮಗಳು. ಈ ಬರಹದಿಂದ ಇನ್ನೊಂದು ಮನೆಗೆ ಉಪಯೋಗವಾದೀತೆಂದು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅಂದು ಕಾರ್ತಿಕಮಾಸ. ಮಳವಳ್ಳಿ ತಾಲ್ಲೂಕಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ವಿಶ್ವೇಶ್ವರಯ್ಯ ನಾಲೆಯ ನೀರು ತಲುಪದೆ, ಬಹುಕಾಲ ಕೊಳವೆಬಾವಿಯನ್ನೇ ನಂಬಿ ಬಾಳಿದ ಊರು ಅದು. ಹುಡುಗಿಯನ್ನು ನೋಡಲು ಮದ್ದೂರಿನ ಕಡೆಯಿಂದ ಗಂಡಿನವರು ಬರುವವರಿದ್ದರು. ಅವಳು ಬಿ.ಎಡ್. ಮುಗಿಸಿ ಮಳವಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಬಂದವರು ಸಂಭಾವಿತರು, ಮಾತುಕತೆಯೂ ಸೊಗಸಾಗಿಯೇ ನಡೆಯಿತು. ಹುಡುಗಿ ಮಾತ್ರ ಕೇಳಿದ್ದಕ್ಕೆಲ್ಲ ತುಟಿ ಬಿಗಿಹಿಡಿದೇ ಉತ್ತರ ಕೊಡುತ್ತಿದ್ದಳು. ಗಂಡಿನ ಅಜ್ಜಿ, ಯಾವ ಕೆಟ್ಟ ಭಾವನೆಯೂ ಇಲ್ಲದೆ, ‘ಮಗ ನಗೋದೇ ಇಲ್ವಲ್ಲ, ಒಸಿ ನಗವ್ವ’ ಎಂದರು. ಅವಳಿಗೆ ನಗು ಬಂದೇಬಿಟ್ಟಿತು. ನಗುವಿನೊಡನೆಯೇ ಬಲಗೈ ತಾನಾಗಿ ಬಾಯಿಗೆ ಅಡ್ಡ ಬಂತು. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಮೇಲಿನ ಮುಂಭಾಗದ ಹಲ್ಲುಗಳ ಮೇಲೆ ಸುಣ್ಣ ಬಳಿದಂತಹ ಬಿಳಿಯ ಪಟ್ಟೆಗಳು. ಅವುಗಳ ನಡುವೆ ಕಂದು ಬಣ್ಣದ ಗೆರೆಗಳು. ಎರಡು ದಿನ ಕಳೆದು ನೆಂಟರೊಬ್ಬರ ಮೂಲಕ ಮಾತು ಬಂತು: ‘ಎಲ್ಲಾ ಒಪ್ಪಿಗೆಯಾಗಿದೆ. ಹಲ್ಲೊಂದನ್ನು ಕ್ಲೀನ್ ಮಾಡಿಸಿಬಿಡಿ, ಆಮೇಲೆ ಮುಂದಿನ ಮಾತು.’

ಹುಡುಗಿ ಅತ್ತಳು. ಮನೆಯ ಹಿರಿಯನಾದ ನಾನು ಸಮಾಧಾನ ಹೇಳಲು ಕುಳಿತೆ. ಮಠದಲ್ಲಿ ಓದಿದವನಿಗೆ ಮಾತಿಗೆ ಬರವೆ? ಕಾಯ ಅಳಿಯುವಂಥದ್ದು, ಅಂತರಂಗದ ಶುದ್ಧಿಯೇ ಮುಖ್ಯ, ಹಲ್ಲಿನ ಬಿಳುಪನ್ನು ಹುಡುಕುವವರು ನಡತೆಯ ಬಿಳುಪನ್ನು ಕಾಣಲಾರರು ಎಂದು ಅರ್ಧ ಗಂಟೆ ಪ್ರವಚನ ಮಾಡಿದೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಬಹಳ ಮೆಲ್ಲನೆ, ‘ತಾತ, ಒಳಗೆ ಭಕ್ತಿ ಇದ್ದರೆ ಸಾಕು ಅಂತ ನೀವು ಸ್ನಾನ ಮಾಡದೆ ಪೂಜೆಗೆ ಕೂತಿದ್ದೀರಾ? ನಿಮ್ಮ ಹಲ್ಲು ಕೆಂಪಾಗಿರೋದು ನೀವೇ ಹಾಕಿಕೊಂಡ ಎಲೆಅಡಿಕೆಯಿಂದ. ನನ್ನದು ಹೀಗಾಗಿರೋದು ನಾನು ಕುಡಿದ ನೀರಿನಿಂದ. ನಿಮ್ಮ ಹಲ್ಲು ನೋಡಿ ಯಾರಾದರೂ ಏನಾದರೂ ಅಂದಿದ್ದಾರಾ?’ ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಬಾಯಲ್ಲಿ ಆಗಲೂ ವೀಳ್ಯವಿತ್ತು.

ಅಂದು ರಾತ್ರಿ ನನ್ನ ಬಾಲ್ಯವೆಲ್ಲ ನೆನಪಾಯಿತು. ಮಠದ ವಿದ್ಯಾರ್ಥಿನಿಲಯದಲ್ಲಿ ಬೆಳಗಿನ ಜಾವ ಗಂಟೆಯಾಗುತ್ತಲೇ ಹುಡುಗರೆಲ್ಲರೂ ಬಾವಿಯ ಕಟ್ಟೆಗೆ ಓಡಬೇಕು. ಬೇವಿನ ಕಡ್ಡಿಯೋ ಹೊಂಗೆಯ ಕಡ್ಡಿಯೋ ಸಿಕ್ಕರೆ ಅದು. ಸಿಗದಿದ್ದರೆ ಒಲೆಯ ಇದ್ದಿಲು, ಬೂದಿ. ಬಾಯಿ ತೊಳೆಯದೆ ಸ್ನಾನವಿಲ್ಲ, ಸ್ನಾನವಿಲ್ಲದೆ ವಿಭೂತಿಯಿಲ್ಲ, ವಿಭೂತಿ ಧರಿಸದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಪ್ರಸಾದವಿಲ್ಲ. ಹೀಗೆ ಹಲ್ಲುಜ್ಜುವುದೇ ದಿನದ ಮೊದಲ ಮೆಟ್ಟಿಲಾಗಿತ್ತು. ಹಬ್ಬಕ್ಕೆ ಊರಿಗೆ ಬಂದರೆ ಮನೆಯಲ್ಲಿ ನಂಜನಗೂಡಿನ ಹಲ್ಲುಪುಡಿ ಇರುತ್ತಿತ್ತು. ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಆ ಪುಡಿ ಹಳೆಯ ಮೈಸೂರು ಸೀಮೆಯ ಮನೆಮನೆಗೂ ಪರಿಚಿತವಾದದ್ದು. ಇಷ್ಟು ಶಿಸ್ತಿನಲ್ಲಿ ಬೆಳೆದ ಹಲ್ಲುಗಳನ್ನು ನಾನು ಕೆಡಿಸಿಕೊಂಡದ್ದು ಆಮೇಲೆ, ಪ್ರವಚನಗಳಿಗೂ ಮದುವೆ ಗೃಹಪ್ರವೇಶಗಳಿಗೂ ಹೋಗಲಾರಂಭಿಸಿದಾಗ. ಊಟವಾದ ಮೇಲೆ ತಟ್ಟೆಯಲ್ಲಿ ಬರುವ ತಾಂಬೂಲವನ್ನು ಬೇಡವೆನ್ನುವುದು ಹೇಗೆ? ಒಂದು ಹೋಗಿ ನಾಲ್ಕಾಯಿತು. ನಾಲ್ಕು ಹೋಗಿ ಜೇಬಿನಲ್ಲಿ ಸಂಚಿಯೇ ಬಂತು. ನಲವತ್ತು ವರ್ಷ ಕಳೆಯಿತು. ಹುಡುಗಿಯ ಮಾತು ಸುಳ್ಳಲ್ಲ: ಯಾರೂ ನನ್ನನ್ನು ಏನೂ ಅನ್ನಲಿಲ್ಲ.

ಮರುವಾರ ಅವಳನ್ನೂ ಅವಳ ತಾಯಿಯನ್ನೂ ಮಂಡ್ಯಕ್ಕೆ ಕರೆಸಿಕೊಂಡು ದಂತವೈದ್ಯೆಯೊಬ್ಬರ ಬಳಿಗೆ ಕರೆದೊಯ್ದೆ. ಆಕೆ ಓದಿದ್ದು ಮೈಸೂರಿನ ಜೆ.ಎಸ್.ಎಸ್. ದಂತವೈದ್ಯಕೀಯ ಕಾಲೇಜಿನಲ್ಲಿ. ಸುತ್ತೂರು ಶ್ರೀಮಠದ ಮಹಾವಿದ್ಯಾಪೀಠದ ಆಶ್ರಯದಲ್ಲಿ ಆ ಕಾಲೇಜು ಆರಂಭವಾದದ್ದು 1986ರಲ್ಲಿ. ಬಾವಿಯ ಕಟ್ಟೆಯ ಮೇಲೆ ಹಲ್ಲುಜ್ಜುವುದನ್ನು ಕಲಿಸಿದ ಮಠಪರಂಪರೆಯೇ ದಂತವೈದ್ಯರನ್ನೂ ತಯಾರು ಮಾಡುತ್ತಿದೆಯೆಂದು ಅಂದು ಅಭಿಮಾನವಾಯಿತು.

ಆ ತಾಯಿ ಮೊದಲು ಹೇಳಿದ ಮಾತನ್ನು ಓದುಗರು ನೆನಪಿನಲ್ಲಿಡಬೇಕು: ಹಲ್ಲನ್ನು ಬೆಳ್ಳಗೆ ಮಾಡುವ ಮುನ್ನ ಅದು ಏತಕ್ಕೆ ಬಣ್ಣಗೆಟ್ಟಿತೆಂದು ತಿಳಿಯಬೇಕು. ಹಲ್ಲಿನ ಹೊರಗೆ ಎನಾಮಲ್ ಎಂಬ ಕವಚವಿದೆ. ಮನುಷ್ಯದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಆದರೆ ಒಮ್ಮೆ ಸವೆದುಹೋದರೆ ಮತ್ತೆ ಬೆಳೆಯುವುದಿಲ್ಲ. ಅದರ ಒಳಗೆ ಡೆಂಟಿನ್ ಎಂಬ ಹಳದಿ ಛಾಯೆಯ ಪದರವಿದೆ. ಕವಚ ಅರೆಪಾರದರ್ಶಕವಾದುದರಿಂದ ಒಳಗಿನ ಹಳದಿ ಸ್ವಲ್ಪ ಹೊರಕ್ಕೆ ತೋರುತ್ತದೆ. ವಯಸ್ಸಾದಂತೆ ಕವಚ ತೆಳುವಾಗಿ ಹಳದಿ ಹೆಚ್ಚುತ್ತದೆ. ಆದ್ದರಿಂದ ಆರೋಗ್ಯವಾದ ಹಲ್ಲು ಹಾಲಿನಂತೆ ಬೆಳ್ಳಗಿರಬೇಕೆಂಬುದೇ ತಪ್ಪು ಕಲ್ಪನೆ.

ಕಲೆಗಳಲ್ಲಿ ಎರಡು ಬಗೆ. ಕಾಫಿ, ಟೀ, ಹೊಗೆಸೊಪ್ಪು, ಎಲೆಅಡಿಕೆಗಳಿಂದ ಕವಚದ ಮೇಲೆ ಕೂರುವುದು ಹೊರಗಿನ ಕಲೆ. ಇದು ನನ್ನದು. ಇದಕ್ಕೆ ಬಿಳುಪು ಮಾಡುವ ಔಷಧವೇ ಬೇಕಾಗಿಲ್ಲ; ವೈದ್ಯರು ಕಲ್ಲುಗಟ್ಟಿದ ಕೊಳೆಯನ್ನು ತೆಗೆದು, ಪಾಲಿಷ್ ಮಾಡಿದರೆ ಬಹುಪಾಲು ಹೋಗುತ್ತದೆ. ಎರಡನೆಯದು ಹಲ್ಲು ರೂಪುಗೊಳ್ಳುವಾಗಲೇ ಒಳಗೆ ಸೇರಿಕೊಂಡ ಕಲೆ. ಇದು ಹುಡುಗಿಯದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದರೆ, ಮಗುವಿಗೆ ಸುಮಾರು ಎಂಟು ವರ್ಷ ತುಂಬುವುದರೊಳಗೆ, ದವಡೆಯೊಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲುಗಳ ಕವಚವೇ ದೋಷದಿಂದ ಕೂಡಿ ರೂಪುಗೊಳ್ಳುತ್ತದೆ. ಅಂತಹ ಹಲ್ಲನ್ನು ಎಷ್ಟು ಉಜ್ಜಿದರೂ ಕಲೆ ಹೋಗುವುದಿಲ್ಲ. ‘ಹದಿನೈದು ವರ್ಷದಿಂದ ಇದ್ದಿಲಿನಲ್ಲಿ, ಉಪ್ಪಿನಲ್ಲಿ ಉಜ್ಜಿಸಿದ್ದೇನೆ, ಸೋಮಾರಿ ಅಂತ ಬೈದಿದ್ದೇನೆ’ ಎಂದು ಹುಡುಗಿಯ ತಾಯಿ ಕಣ್ಣೊರೆಸಿಕೊಂಡಳು.

ಇದು ನಮ್ಮ ಊರಿನ ಪಾಪವೂ ಅಲ್ಲ, ನಮ್ಮ ಕುಲದ ದೋಷವೂ ಅಲ್ಲ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ಮೆಕೆ ಎಂಬ ದಂತವೈದ್ಯ ಅಲ್ಲಿನ ಮಕ್ಕಳ ಹಲ್ಲುಗಳಲ್ಲಿ ಇದೇ ಕಂದು ಕಲೆಯನ್ನು ಕಂಡು ಬೆರಗಾದನು. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಲು 1931ರವರೆಗೆ ಕಾಯಬೇಕಾಯಿತು. ನಮ್ಮ ದೇಶದಲ್ಲಿ 1937ರಲ್ಲಿ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಈ ರೋಗದ ವರದಿ ಬಂತು. ಇಂದು ಮಂಡ್ಯ ಜಿಲ್ಲೆಯೂ ಸೇರಿದಂತೆ ಕರ್ನಾಟಕದ ಅನೇಕ ಜಿಲ್ಲೆಗಳ ಅಂತರ್ಜಲದಲ್ಲಿ ಅಲ್ಲಲ್ಲಿ ಫ್ಲೋರೈಡ್ ಮಿತಿಮೀರಿರುವುದು ತಿಳಿದ ಸಂಗತಿ. ಕಾವೇರಿಯೂ ಶಿಂಷೆಯೂ ಹರಿಯುವ ಸೀಮೆಯಲ್ಲಿ ನಾಲೆಯ ಈಚೆಗೊಂದು ಹಲ್ಲು, ಆಚೆಗೊಂದು ಹಲ್ಲು ಎಂಬಂತಾಗಿದೆ.

ಇನ್ನು ಚಿಕಿತ್ಸೆಯ ವಿಷಯ. ‘ಬಿಳುಪು ಮಾಡುವ ಔಷಧದಿಂದ ಹಲ್ಲಿನ ಒಟ್ಟು ಬಣ್ಣ ತಿಳಿಯಾಗುತ್ತದೆ. ಕಂದು ಗೆರೆಗಳು ಮಸುಕಾಗುತ್ತವೆ, ಪೂರ್ತಿ ಅಳಿಯುತ್ತವೆಂದು ನಾನು ಮಾತು ಕೊಡುವುದಿಲ್ಲ. ಬಿಳಿಯ ಪಟ್ಟೆಗಳು ಮೊದಲ ಕೆಲವು ದಿನ ಇನ್ನೂ ಎದ್ದು ಕಾಣಬಹುದು, ಹೆದರಬಾರದು’ ಎಂದು ವೈದ್ಯೆ ಮೊದಲೇ ಸ್ಪಷ್ಟಪಡಿಸಿದರು. ಗೆರೆ ಬಹಳ ಗಾಢವಾಗಿರುವ ಎರಡು ಹಲ್ಲುಗಳಿಗೆ ಕವಚದ ಮೇಲ್ಪದರವನ್ನು ಕೂದಲೆಳೆಯಷ್ಟು ಮಾತ್ರ ತೀಡುವ ಬೇರೊಂದು ಕ್ರಮವನ್ನು ಸೇರಿಸುವುದಾಗಿ ಹೇಳಿದರು. ಮೊದಲು ಹುಳುಕಿದೆಯೇ, ಒಸಡಿನಲ್ಲಿ ರಕ್ತ ಬರುತ್ತದೆಯೇ ಎಂದು ಪರೀಕ್ಷಿಸಿ, ಒಂದು ಸಣ್ಣ ಹುಳುಕನ್ನು ತುಂಬಿಸಿದರು. ಹುಳುಕು ಹಲ್ಲಿನ ಮೇಲೆ ಈ ಔಷಧ ಹಾಕಿದರೆ ನೋವು ತಡೆಯಲಾಗದಂತೆ. ಹದಿನೆಂಟು ತುಂಬದವರಿಗೆ, ಬಸುರಿ ಬಾಣಂತಿಯರಿಗೆ ಇದನ್ನು ತಾವು ಮಾಡುವುದಿಲ್ಲವೆಂದರು. ಕಟ್ಟಿಸಿದ ಹಲ್ಲು, ಹಾಕಿಸಿದ ಟೊಪ್ಪಿ, ತುಂಬಿಸಿದ ಸಿಮೆಂಟು ಇವುಗಳ ಬಣ್ಣ ಔಷಧದಿಂದ ಬದಲಾಗುವುದಿಲ್ಲ. ಸುತ್ತಲಿನ ಹಲ್ಲು ಬೆಳ್ಳಗಾಗಿ ಇವು ಹಾಗೆಯೇ ಉಳಿದರೆ ಎದ್ದು ಕಾಣುತ್ತವೆ. ಇದನ್ನೂ ಮೊದಲೇ ಕೇಳಿ ತಿಳಿಯಬೇಕು.

ಔಷಧದ ಹೆಸರು ಹೈಡ್ರೋಜನ್ ಪೆರಾಕ್ಸೈಡ್. ಅದು ಕವಚದೊಳಕ್ಕೆ ಇಳಿದು, ಅಲ್ಲಿ ಬಣ್ಣ ತೋರುವ ಅಣುಗಳನ್ನು ಒಡೆದು ತಿಳಿಗೊಳಿಸುತ್ತದೆ, ಇದ್ದಿಲಿನಂತೆ ಕೆರೆಯುವುದಿಲ್ಲ. ವೈದ್ಯರ ಕುರ್ಚಿಯಲ್ಲಿ ಬಳಸುವುದು ಶೇಕಡಾ 25ರಿಂದ 40ರಷ್ಟು ತೀಕ್ಷ್ಣವಾದದ್ದು. ಒಸಡಿಗೆ ತಗುಲಿದರೆ ಸುಡುತ್ತದೆ. ಆದುದರಿಂದ ಮೊದಲು ಒಸಡಿನ ಮೇಲೆ ರಕ್ಷಣೆಯ ಲೇಪವೊಂದನ್ನು ಹಚ್ಚಿ ಗಟ್ಟಿಮಾಡುತ್ತಾರೆ. ಆಮೇಲೆ ಹಲ್ಲಿಗೆ ಔಷಧ ಸವರಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ತೆಗೆಯುತ್ತಾರೆ. ಹೀಗೆ ಎರಡು ಮೂರು ಸಾರಿ. ಮನೆಯಲ್ಲಿ ಮಾಡಿಕೊಳ್ಳುವ ಕ್ರಮವೂ ಉಂಟು. ಅಮೆರಿಕದ ಹೇವುಡ್, ಹೇಮನ್ ಎಂಬಿಬ್ಬರು 1989ರಲ್ಲಿ ಪ್ರಕಟಿಸಿದ ಕ್ರಮವದು. ಬಾಯಿಯ ಅಚ್ಚು ತೆಗೆದು ತೆಳುವಾದ ತಟ್ಟೆ ಮಾಡಿಕೊಡುತ್ತಾರೆ. ಅದರಲ್ಲಿ ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಎಂಬ ಸೌಮ್ಯವಾದ ಔಷಧವನ್ನು ಒಂದು ತೊಟ್ಟು ಹಾಕಿ, ವೈದ್ಯರು ಹೇಳಿದಷ್ಟು ಹೊತ್ತು, ಕೆಲವು ವಾರ ಧರಿಸಬೇಕು. ಫಲ ನಿಧಾನ; ಕಾಟ ಕಡಿಮೆ. ಕಲೆ ಹಳೆಯದಾದ್ದರಿಂದ ಹುಡುಗಿಗೆ ಒಂದು ದಿನ ಕುರ್ಚಿಯಲ್ಲಿಯೂ, ಆಮೇಲೆ ಮೂರು ವಾರ ಮನೆಯಲ್ಲಿಯೂ ನಡೆಯಿತು. ಮೊದಲೆರಡು ರಾತ್ರಿ ತಣ್ಣೀರು ತಾಕಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಆಮೇಲೆ ಕಡಿಮೆಯಾಯಿತು.

ಮನೆಮದ್ದಿನ ಭ್ರಾಂತಿಯ ವಿಷಯವಾಗಿಯೂ ಒಂದು ಮಾತು. ಇದೇ ಸಮಯದಲ್ಲಿ ನಮ್ಮ ನೆಂಟರ ಹುಡುಗನೊಬ್ಬ ತನ್ನ ಮದುವೆಗೆ ನಾಲ್ಕು ದಿನವಿರುವಾಗ, ಸೌಂದರ್ಯದ ಅಂಗಡಿಯೊಂದರಲ್ಲಿ ಕಡಿಮೆ ಹಣಕ್ಕೆ ಹಲ್ಲು ಬೆಳ್ಳಗೆ ಮಾಡುತ್ತಾರೆಂದು ಹೋಗಿ ಕುಳಿತ. ಒಸಡಿಗೆ ರಕ್ಷಣೆಯಿಲ್ಲ, ಹುಳುಕಿನ ಪರೀಕ್ಷೆಯಿಲ್ಲ. ಸಂಜೆಗೆ ಒಸಡೆಲ್ಲ ಬೆಳ್ಳಗೆ ಸುಟ್ಟು, ಮೂರು ದಿನ ಮಜ್ಜಿಗೆ ಅನ್ನದಲ್ಲಿ ಕಾಲ ಕಳೆದ. ಧಾರೆಯ ದಿನ ನಗಬೇಕಾದವನು ಬಾಯಿ ಬಿಡಲಿಲ್ಲ. ದೇವರ ದಯೆಯಿಂದ ಗಾಯ ಮಾಯಿತು. ತೀಕ್ಷ್ಣವಾದ ಔಷಧವನ್ನು ಬಾಯಿಗೆ ಹಾಕಿಸಿಕೊಳ್ಳುವುದಾದರೆ ಅದು ದಂತವೈದ್ಯರ ಕೈಯಿಂದಲೇ ಆಗಬೇಕು; ಮದುವೆಗೆಂದು ಮಾಡಿಸುವವರು ಎರಡು ವಾರ ಮುಂಚಿತವಾಗಿಯಾದರೂ ಮುಗಿಸಿಕೊಳ್ಳಬೇಕು. ಹಾಗೆಯೇ ನಿಂಬೆಹಣ್ಣು ಉಪ್ಪು ಬೆರೆಸಿ ಉಜ್ಜುವುದು, ಇಟ್ಟಿಗೆಯ ಪುಡಿ, ಇದ್ದಿಲು ಇವೆಲ್ಲ ಮೊದಲು ಬಿಳುಪು ತಂದಂತೆ ಕಂಡು, ಕವಚವನ್ನೇ ಸವೆಸಿ, ಒಳಗಿನ ಹಳದಿಯನ್ನು ಮತ್ತಷ್ಟು ಹೊರಗೆ ತೋರಿಸುತ್ತವೆ. ಮಠದ ಒಲೆಯ ಇದ್ದಿಲನ್ನು ಹೊಗಳಿ ಬರೆಯಬೇಕೆಂಬ ಆಸೆ ನನಗಿತ್ತು. ಸತ್ಯ ಅದಲ್ಲವಾದ್ದರಿಂದ ಬಿಟ್ಟಿದ್ದೇನೆ.

ಬೆಳ್ಳಗೆ ಮಾಡಿಸುವುದು ಒಂದು ತಿಂಗಳ ಕೆಲಸ. ಬೆಳ್ಳಗೆ ಉಳಿಸಿಕೊಳ್ಳುವುದು ನಿತ್ಯದ ನೇಮ. ಚಿಕಿತ್ಸೆಯಾದ ಮೊದಲೆರಡು ದಿನ ಹಲ್ಲು ಬಣ್ಣವನ್ನು ಬೇಗ ಹೀರುತ್ತದೆ. ಕಾಫಿ, ಟೀ, ಅರಿಸಿನ ಹಾಕಿದ ಸಾರು, ಬೀಟ್‌ರೂಟು, ದ್ರಾಕ್ಷಿಯ ರಸ ಇವು ಬೇಡವೆಂದರು. ಅಕ್ಕ ಎರಡು ದಿನ ಮೊಮ್ಮಗಳಿಗೆ ಮೊಸರನ್ನ, ಇಡ್ಲಿ, ಕಾಯಿಚಟ್ನಿ, ಮದ್ದೂರಿನ ಎಳನೀರು ಇಷ್ಟನ್ನೇ ಕೊಟ್ಟಳು. ಆಮೇಲಿನ ನೇಮಗಳು ಸರಳವಾದುವು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಮೆದುವಾದ ಬ್ರಷ್ಷಿನಲ್ಲಿ, ಒತ್ತದೆ, ಎರಡು ನಿಮಿಷ ಉಜ್ಜಬೇಕು. ಕಾಫಿ ಕುಡಿದ ಮೇಲೆ, ಬೆಲ್ಲ ಕಬ್ಬು ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಸಕ್ಕರೆ ಕಾರ್ಖಾನೆಗೂ ಆಲೆಮನೆಗಳಿಗೂ ಹೆಸರಾದ ಮಂಡ್ಯದಲ್ಲಿ ಈ ಮಾತನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ. ನಿಂಬೆ ಪಾನಕದಂತಹ ಹುಳಿ ಕುಡಿದ ಕೂಡಲೇ ಉಜ್ಜಬಾರದು. ಅರ್ಧ ಗಂಟೆ ಬಿಡಬೇಕು, ಏಕೆಂದರೆ ಹುಳಿಯಿಂದ ಕವಚ ಆ ಹೊತ್ತಿನಲ್ಲಿ ಮೆದುವಾಗಿರುತ್ತದೆ. ಬಿಳುಪು ತರುತ್ತೇವೆಂದು ಮಾರುವ ಪೇಸ್ಟುಗಳಲ್ಲಿ ಹೆಚ್ಚಿನವು ಹೊರಗಿನ ಕಲೆಯನ್ನಷ್ಟೇ ತೆಗೆಯಬಲ್ಲವು. ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಬೇಕು. ಇಷ್ಟಾದರೂ ಬಿಳುಪು ಶಾಶ್ವತವಲ್ಲ. ಕೆಲವರಿಗೆ ಕೆಲವೇ ತಿಂಗಳು, ಕೆಲವರಿಗೆ ಎರಡು ಮೂರು ವರ್ಷ. ಮಸುಕಾದಾಗ ಅದೇ ತಟ್ಟೆಯಲ್ಲಿ ವೈದ್ಯರ ಸಲಹೆಯಂತೆ ಕೆಲವು ದಿನ ಔಷಧ ಹಾಕಿಕೊಂಡರೆ ಸಾಕು. ಪದೇಪದೇ ಮಾಡಿಕೊಳ್ಳುವ ಚಟವಾಗಬಾರದು.

ಅಂದು ವೈದ್ಯೆ ನನ್ನ ಬಾಯಿಯನ್ನೂ ನೋಡಿದರು. ‘ಗುರುಗಳೇ, ಕಲೆ ತೆಗೆಯುವುದು ನನ್ನ ಕೆಲಸ. ಆದರೆ ಎಲೆಅಡಿಕೆ ಬಿಡದಿದ್ದರೆ ಆರು ತಿಂಗಳಲ್ಲಿ ಮತ್ತೆ ಇಷ್ಟೇ ಆಗುತ್ತದೆ. ಅದು ಬಣ್ಣದ ಮಾತು ಮಾತ್ರವಲ್ಲ’ ಎಂದು ಕೆನ್ನೆಯ ಒಳಭಾಗವನ್ನು ದೀಪ ಹಿಡಿದು ಬಹಳ ಹೊತ್ತು ಪರೀಕ್ಷಿಸಿದರು. ಹೊಗೆಸೊಪ್ಪಿಲ್ಲದ ಬರಿಯ ವೀಳ್ಯ ನಿರಪಾಯವೆಂದು ನಾನು ನಂಬಿದ್ದೆ. ಅಡಿಕೆಯೇ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದೆಯೆಂಬುದು ನನಗೆ ಗೊತ್ತಾದದ್ದು ಆ ಕುರ್ಚಿಯಲ್ಲಿ. ದೇವರು ದೊಡ್ಡವನು, ಗಾಯವೇನೂ ಕಾಣಲಿಲ್ಲ. ಸಂಚಿಯನ್ನು ಅಂದೇ ಬಿಟ್ಟೆನೆಂದು ಬರೆದರೆ ಸುಳ್ಳಾಗುತ್ತದೆ. ಎರಡು ತಿಂಗಳು ಹಿಡಿಯಿತು. ಊಟವಾದ ಮೇಲೆ ಏಲಕ್ಕಿಯೊಂದನ್ನು ಅಗಿದು ಕೈಯನ್ನು ಜೇಬಿನಿಂದ ಹಿಂದಕ್ಕೆ ತೆಗೆಯುತ್ತಿದ್ದೆ. ಕಲೆ ತೆಗೆಸಿದ ಮೇಲೆ ನನ್ನ ಹಲ್ಲು ಬೆಳ್ಳಗೇನೂ ಆಗಲಿಲ್ಲ, ಹಳದಿಯಾಯಿತು. ‘ಇದು ನಿಮ್ಮ ವಯಸ್ಸಿನ ಬಣ್ಣ, ಇರಲಿ ಬಿಡಿ’ ಎಂದರು ವೈದ್ಯೆ. ಇರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕೊನೆಗೆ ಇಟ್ಟಿದ್ದೇನೆ. ಅಕ್ಕನ ಮನೆಯಲ್ಲಿ ನಾಲ್ಕು ವರ್ಷದ ಒಂದು ಗಂಡುಮಗುವಿದೆ. ಹುಡುಗಿಯ ಹಲ್ಲನ್ನು ತೊಳೆಸಿ, ಆ ಮಗುವಿಗೆ ಅದೇ ನೀರನ್ನು ಕುಡಿಸಿದರೆ ನಾವು ಕಲಿತದ್ದೇನು? ಹುಡುಗಿಯೇ ಮನೆಯ ಕೊಳವೆಬಾವಿಯ ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟಳು. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯ ಜಿಲ್ಲಾ ಕೇಂದ್ರದಲ್ಲಿದೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 1.5 ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ. ಅಕ್ಕನ ಮನೆಯ ನೀರು ಮಿತಿಯನ್ನು ಮೀರಿತ್ತು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಲ್ಲಿ ಇಳಿಸಿದರೂ ಹೋಗುವುದಿಲ್ಲ. ಆರ್.ಓ. ಯಂತ್ರದ ನೀರು, ನದಿಯ ಮೂಲದ ನಲ್ಲಿಯ ನೀರು, ಶುದ್ಧವಾಗಿ ಹಿಡಿದಿಟ್ಟ ಮಳೆಯ ನೀರು ಇವುಗಳಲ್ಲಿ ಒಂದನ್ನು ಕುಡಿಯಲಿಕ್ಕೂ ಅಡಿಗೆಗೂ ಬಳಸಬೇಕು. ಮಕ್ಕಳಿಗೆ ಪೇಸ್ಟನ್ನು ಬ್ರಷ್ಷಿನ ಉದ್ದಕ್ಕೂ ಹಾಕದೆ, ಮೂರು ತುಂಬುವವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಹಾಕಿ, ನುಂಗದೆ ಉಗುಳುವುದನ್ನು ಕಲಿಸಬೇಕು. ಈಗ ಆ ಮನೆಯ ಅಡಿಗೆಯ ನೀರೂ ಕುಡಿಯುವ ನೀರೂ ಶುದ್ಧೀಕರಣ ಘಟಕದಿಂದ ಬರುತ್ತಿದೆ. ಮಗುವಿನ ಶಾಶ್ವತ ಹಲ್ಲುಗಳು ಇನ್ನು ಮೇಲೆ ಮೂಡಬೇಕು.

ಮದ್ದೂರಿನ ಸಂಬಂಧ ಏನಾಯಿತೆಂದು ಓದುಗರು ಕೇಳಬಹುದು. ಹಲ್ಲಿನ ಕೆಲಸ ಮುಗಿದ ಮೇಲೆ ಅವರು ಮತ್ತೆ ಮಾತೆತ್ತಿದರು. ಹುಡುಗಿ ನಮ್ಮೆಲ್ಲರ ಎದುರಿಗೆ, ‘ಹಲ್ಲು ಮಾಡಿಸಿಕೊಂಡದ್ದು ನನಗೋಸ್ಕರ. ಮದುವೆಯ ಮಾತನ್ನು ಬೇರೆಯಾಗಿ ಯೋಚನೆ ಮಾಡುತ್ತೇನೆ’ ಎಂದಳು. ಕೊನೆಗೆ ಅದು ಕೂಡಿಬರಲಿಲ್ಲ. ಯಾರಿಗೂ ಬೇಸರವಿಲ್ಲ. ಅವಳ ಹಲ್ಲುಗಳಲ್ಲಿ ಹತ್ತಿರದಿಂದ ನೋಡಿದರೆ ಗೆರೆಗಳು ಈಗಲೂ ತೆಳುವಾಗಿ ಕಾಣುತ್ತವೆ. ಮೊದಲು ಕಪ್ಪುಹಲಗೆಯ ಕಡೆ ತಿರುಗಿಯೇ ಪಾಠ ಹೇಳುತ್ತಿದ್ದವಳು ಈಗ ಮಕ್ಕಳ ಕಡೆಗೆ ಮುಖ ಮಾಡಿ ಹೇಳುತ್ತಾಳಂತೆ.

ಮೊನ್ನೆ ಮಂಡ್ಯದಲ್ಲಿ ನೆಂಟರ ಮದುವೆಯೊಂದರಲ್ಲಿ ಊಟವಾದ ಮೇಲೆ ತಾಂಬೂಲದ ತಟ್ಟೆ ನನ್ನ ಮುಂದೆ ಬಂತು. ಎಲೆಯನ್ನು ಕೈಗೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ತಟ್ಟೆಗೆ ಮತ್ತೆ ಇಟ್ಟೆ. ಎದುರಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿ ಅದನ್ನು ನೋಡಿ ನಕ್ಕುಬಿಟ್ಟಳು. ಕೈ ಬಾಯಿಗೆ ಅಡ್ಡ ಬರಲಿಲ್ಲ.